ತಾರಸಿಯ ಮೇಲೆ ಸೌರ ಫಲಕ: ಹಾಕಿಸುವ ಮುನ್ನ ಲೆಕ್ಕ ಹಾಕಿ



ವರ್ತೂರು, ಸರ್ಜಾಪುರ, ಆನೇಕಲ್, ಜಿಗಣಿ, ದಾಸರಹಳ್ಳಿ ಕಡೆ ಹೋದಾಗಲೆಲ್ಲ ಈಗ ಕೇಳಿಬರುವ ಪ್ರಶ್ನೆ ಒಂದೇ: "ಸಾರ್, ಮನೆ ಮೇಲೆ ಸೋಲಾರ್ ಹಾಕಿಸಬಹುದಾ?" ಹಿಂದೆ ಇದೇ ಜನ ರಾಗಿಯ ತಳಿ, ದ್ರಾಕ್ಷಿಯ ರೋಗದ ಬಗ್ಗೆ ಕೇಳುತ್ತಿದ್ದರು. ಕಾರ್ಖಾನೆಗಳಿಗೂ ಬಡಾವಣೆಗಳಿಗೂ ಹೊಲ ಹೋದ ಮೇಲೆ ಹಲವರಿಗೆ ಉಳಿದಿರುವುದು ಮನೆ, ಅದರ ತಾರಸಿ ಮತ್ತು ಬ್ಯಾಂಕಿನಲ್ಲಿಟ್ಟ ಸ್ವಲ್ಪ ಹಣ. ಬಿತ್ತುವ ಮುನ್ನ ಮಣ್ಣು ಪರೀಕ್ಷೆ ಮಾಡಿಸುವಂತೆ, ಆ ಹಣವನ್ನು ತೆಗೆಯುವ ಮುನ್ನ ಲೆಕ್ಕ ಹಾಕುವುದು ಲೇಸು.

ಎರಡು ಯೋಜನೆಗಳು

ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಪಿ.ಎಂ. ಸೂರ್ಯಘರ್ ಯೋಜನೆಯನ್ನು ಪ್ರಕಟಿಸಿತು. ಒಂದು ಕೋಟಿ ಮನೆಗಳಿಗೆ ಫಲಕ ಹಾಕಿಸುವುದು ಇದರ ಗುರಿ. ಸಹಾಯಧನ ಒಂದು ಕಿಲೋವ್ಯಾಟಿಗೆ 30,000 ರೂ., ಎರಡಕ್ಕೆ 60,000 ರೂ., ಮೂರು ಅಥವಾ ಅದಕ್ಕೂ ಹೆಚ್ಚಿನದಕ್ಕೆ 78,000 ರೂ. ಒಂದು ಮಾತು ನೆನಪಿಡಿ: ಮೊದಲು ಪೂರ್ತಿ ಹಣವನ್ನು ನೀವೇ ಹೊಂದಿಸಬೇಕು. ಕೆಲಸ ಮುಗಿದು ತಪಾಸಣೆ ಆದ ಮೇಲೆ ಸಹಾಯಧನ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ.

ರಾಜ್ಯ ಸರ್ಕಾರದ ಗೃಹಜ್ಯೋತಿ 2023ರ ಜುಲೈನಿಂದ ಜಾರಿಗೆ ಬಂತು. ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡ 10ರಷ್ಟು ಸೇರಿಸಿ, ಅಷ್ಟು ಯೂನಿಟ್ ಉಚಿತ. ಅದನ್ನು ಮೀರಿ 200 ಯೂನಿಟ್ಟಿನೊಳಗಿದ್ದರೆ ಹೆಚ್ಚುವರಿಗೆ ಮಾತ್ರ ಹಣ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕು.

ಒಂದು ಸರ್ಕಾರ ಕರೆಂಟನ್ನು ಉಚಿತವಾಗಿ ಕೊಡುತ್ತಿದೆ, ಇನ್ನೊಂದು ಕರೆಂಟನ್ನು ನೀವೇ ತಯಾರಿಸಿಕೊಳ್ಳಿ ಎನ್ನುತ್ತಿದೆ. ಎರಡೂ ಒಳ್ಳೆಯವೇ, ಆದರೆ ಒಂದೇ ಮನೆಗೆ ಎರಡೂ ಲಾಭ ತರಲಾರವು. ಗೊಂದಲ ಇರುವುದು ಇಲ್ಲೇ.

ಯಾರಿಗೆ ಬೇಡ, ಯಾರಿಗೆ ಬೇಕು?

ತಿಂಗಳಿಗೆ 100-120 ಯೂನಿಟ್ ಬಳಸಿ ಸೊನ್ನೆ ಬಿಲ್ಲು ಪಡೆಯುತ್ತಿರುವ ಮನೆ ಫಲಕ ಹಾಕಿಸಿದರೆ ಉಳಿಯುವ ಹಣ ಇಲ್ಲವೇ ಇಲ್ಲ ಎನ್ನಬಹುದು. ಅಂಥವರು ಸಾಲ ಮಾಡಿ ಹಾಕಿಸುವುದು ಸಲ್ಲದು.

210-220 ಯೂನಿಟ್ ಬರುವವರು ಮೊದಲು ಬಳಕೆಯನ್ನು 200ರ ಒಳಗೆ ತರಲಿ. ಸ್ನಾನದ ನೀರಿಗೆ ವಿದ್ಯುತ್ ಗೀಸರಿನ ಬದಲು ಸೋಲಾರ್ ವಾಟರ್ ಹೀಟರ್ ಹಾಕಿದರೂ, ಹಳೆಯ ಬಲ್ಬು ತೆಗೆದು ಎಲ್‌ಇಡಿ ಹಾಕಿದರೂ ಇದು ಕೈಗೂಡುತ್ತದೆ. ಖರ್ಚೂ ಕಡಿಮೆ.

ತಿಂಗಳಿಗೆ 300 ಯೂನಿಟ್ ಉರಿಸುವ ಕೂಡು ಕುಟುಂಬದ ಲೆಕ್ಕ ಬೇರೆ. ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಎರಡು ಕಿಲೋವ್ಯಾಟಾದರೆ ತಿಂಗಳಿಗೆ ಸುಮಾರು 240 ಯೂನಿಟ್. 2025-26ನೇ ಸಾಲಿಗೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗೊತ್ತುಮಾಡಿದ ಗೃಹಬಳಕೆ ದರ ಯೂನಿಟ್ಟಿಗೆ 5 ರೂ. 80 ಪೈಸೆ, ಅದರ ಮೇಲೆ 36 ಪೈಸೆ ಸರ್‌ಚಾರ್ಜು. ಈ ದರದಲ್ಲಿ ವರ್ಷಕ್ಕೆ ಸುಮಾರು 17,700 ರೂ. ಉಳಿತಾಯ. ಫಲಕ ಹಾಕುವವರು 1,30,000 ರೂ. ಹೇಳಿದರು ಎನ್ನೋಣ. ಸಹಾಯಧನ ಕಳೆದು ನಿಮ್ಮ ಪಾಲು 70,000 ರೂ. ನಾಲ್ಕು ವರ್ಷದಲ್ಲಿ ಅಸಲು ಕೈಗೆ ಬರುತ್ತದೆ. ಫಲಕ 25 ವರ್ಷ ಬಾಳುವಂಥದು. ಇಂಥವರು ಧೈರ್ಯವಾಗಿ ಮುಂದುವರಿಯಬಹುದು. ಮೀಟರಿನ ನಿಗದಿ ಶುಲ್ಕ ಮಾತ್ರ ತಪ್ಪದು.

ಬಾಡಿಗೆ ಮನೆ ಕಟ್ಟಿಸಿದವರು ಗಮನಿಸಿ. ಮಾಮೂಲಿ ನೆಟ್ ಮೀಟರಿನ ಲೆಕ್ಕ ಒಂದು ಆರ್.ಆರ್. ನಂಬರಿಗೆ ಸೇರಿದ್ದು. ವಠಾರದಲ್ಲಿ ಹತ್ತು ಮೀಟರಿದ್ದು ಫಲಕ ನಿಮ್ಮ ಮೀಟರಿಗೆ ಸೇರಿದ್ದರೆ ಇಳಿಯುವುದು ನಿಮ್ಮ ಬಿಲ್ಲು ಮಾತ್ರ.

ಮಾರಾಟದ ಆಸೆ ಬೇಡ

"ಹೆಚ್ಚಾದ ಕರೆಂಟನ್ನು ಬೆಸ್ಕಾಂಗೆ ಮಾರಿ ಲಾಭ ಮಾಡಿ" ಎನ್ನುವವರ ಮಾತನ್ನು ತೂಗಿ ನೋಡಿ. 2013ರಲ್ಲಿ ಆಯೋಗವು ತಾರಸಿ ಸೌರ ವಿದ್ಯುತ್ತಿಗೆ ಯೂನಿಟ್ಟಿಗೆ 9 ರೂ. 56 ಪೈಸೆ ಗೊತ್ತುಮಾಡಿತ್ತು. 2016ರಲ್ಲಿ ಹೊಸಬರಿಗೆ ಆ ದರ ಇಳಿಯಿತು. ಇಂದು ಹೆಚ್ಚುವರಿ ಯೂನಿಟ್ಟಿಗೆ ಸಿಗುವ ಬೆಲೆ ನೀವು ಕೊಳ್ಳುವ ಬೆಲೆಗಿಂತ ಕಡಿಮೆ. ಆದ್ದರಿಂದ ಮನೆಗೆ ಬೇಕಾದಷ್ಟೇ ಹಾಕಿಸಿ.

ತಾರಸಿಯ ಮೇಲೆ ನೋಡಬೇಕಾದ್ದು

ಒಂದು ಕಿಲೋವ್ಯಾಟಿಗೆ ಸುಮಾರು 100 ಚದರಡಿ ಜಾಗ ಬೇಕು. ಫಲಕ ದಕ್ಷಿಣಕ್ಕೆ ಮುಖಮಾಡಿರಬೇಕು. ನೆರಳೇ ಇದರ ದೊಡ್ಡ ಶತ್ರು. ಹನಿ ನೀರಾವರಿಯ ಪೈಪಿನಲ್ಲಿ ಒಂದು ಕಡೆ ಕಸ ಕಟ್ಟಿದರೆ ಮುಂದಿನ ಗಿಡಗಳೂ ಒಣಗುತ್ತವಲ್ಲವೇ? ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪತ್ತಿ ಕುಗ್ಗಬಹುದು. ಸರ್ಜಾಪುರ ರಸ್ತೆಯ ಕಡೆ ಒಬ್ಬ ರೈತರ ತಾರಸಿ ಹತ್ತಿ ನೋಡಿದೆ. ಸಾಲ ತೀರುವ ಮೊದಲೇ ದಕ್ಷಿಣಕ್ಕೆ ಅಪಾರ್ಟ್‌ಮೆಂಟ್ ಎದ್ದು ನಿಂತಿದೆ, ಅರ್ಧ ದಿನ ನೆರಳು. ಪಕ್ಕದ ಖಾಲಿ ಜಾಗ ಯಾರದು, ಅಲ್ಲಿ ಏನು ಕಟ್ಟುತ್ತಾರೆ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಪೀಣ್ಯದ ಕಾರ್ಖಾನೆ ದೂಳು, ಜಿಗಣಿಯ ಕಲ್ಲುಪುಡಿ ಫಲಕದ ಮೇಲೆ ಕೂರುತ್ತದೆ. ಹದಿನೈದು ದಿನಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ತೊಳೆಯಿರಿ. ಗಡಸು ಬೋರ್‌ವೆಲ್ ನೀರು ಬಿಳಿ ಕರೆ ಬಿಡುವುದರಿಂದ ಒರೆಸಿ ಒಣಗಿಸಬೇಕು.

ಮತ್ತೊಂದು ತಪ್ಪು ತಿಳಿವಳಿಕೆ: ಬ್ಯಾಟರಿ ಇಲ್ಲದ ಮಾಮೂಲಿ ಜೋಡಣೆ, ಕರೆಂಟು ಹೋದಾಗ ಹಗಲಿನಲ್ಲೂ ನಿಂತುಬಿಡುತ್ತದೆ. ಲೈನಿನ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನಿಗೆ ಅಪಾಯವಾಗದಿರಲೆಂದೇ ಈ ಏರ್ಪಾಡು. ಬ್ಯಾಟರಿ ಬೇಕೆಂದರೆ ಖರ್ಚು ಹೆಚ್ಚು.

ಪಂಪ್‌ಸೆಟ್ಟಿನ ವಿಷಯವೇ ಬೇರೆ. ಅದಕ್ಕೆ ಕುಸುಮ್-ಬಿ ಯೋಜನೆಯಲ್ಲಿ ಕೇಂದ್ರದ ಶೇಕಡ 30, ರಾಜ್ಯದ ಶೇಕಡ 50 ಸಹಾಯಧನವಿದೆ. ಎರಡನ್ನೂ ಬೆರೆಸಬೇಡಿ.

ಕೊನೆಯದಾಗಿ, ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನು ಜೋಡಿಸಿಟ್ಟುಕೊಳ್ಳಿ. ಯೋಜನೆಯಲ್ಲಿ ನೋಂದಾಯಿಸಿದವರಿಂದಲೇ, ಕನಿಷ್ಠ ಇಬ್ಬರಿಂದ ದರಪಟ್ಟಿ ಪಡೆಯಿರಿ. ಐದು ವರ್ಷದ ನಿರ್ವಹಣೆಯ ಮಾತನ್ನು ಕಾಗದದ ಮೇಲೆ ಬರೆಸಿಕೊಳ್ಳಿ. 200 ಯೂನಿಟ್ ದಾಟಿದ ತಿಂಗಳುಗಳೇ ಹೆಚ್ಚಿದ್ದರೆ ಹಾಕಿಸಿ. ಇಲ್ಲದಿದ್ದರೆ ಹಣ ಬ್ಯಾಂಕಿನಲ್ಲೇ ಇರಲಿ. ಪಕ್ಕದ ಮನೆಯವರು ಹಾಕಿಸಿದರೆಂಬ ಕಾರಣಕ್ಕೆ ಮಾತ್ರ ಹಾಕಿಸಬೇಡಿ.