ಚಾರ್ಟು ಇಲ್ಲದ ದಿನದ ಪಾಠ

ಈ ಸಾಲಿನ ಬೋಧನಾಭ್ಯಾಸದಲ್ಲಿ ನಾನು ವೀಕ್ಷಿಸಿದ ಚಿತ್ರಕಲಾ ಪಾಠಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಆರಂಭವಾದವು. ಗೋಡೆಗೊಂದು ಚಾರ್ಟು, ಅದರಲ್ಲಿ ರೇಖೆ, ಆಕಾರ, ಘನರೂಪ, ಬಣ್ಣ, ಛಾಯೆ, ಮೈವಳಿಕೆ, ಅವಕಾಶ ಎಂಬ ಏಳು ಹೆಸರು. ಮಕ್ಕಳು ಒಟ್ಟಾಗಿ ಹೇಳಿ, ಬರೆದುಕೊಂಡರು. ಚಿತ್ರ ಬಿಡಿಸಿ ಎಂದಾಗ ಎಲ್ಲರ ಹಾಳೆಯಲ್ಲೂ ಅದೇ ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಮನೆ.

ತಪ್ಪು ಪ್ರಶಿಕ್ಷಣಾರ್ಥಿಗಳದ್ದಷ್ಟೇ ಅಲ್ಲ. ‘ಬೋಧನೋಪಕರಣ ಅಂದವಾಗಿದೆ’ ಎಂದು ಬರೆದು ಅಂಕ ಕೊಟ್ಟವನು ನಾನೇ.

ಒಂದು ದಿನ ಮಳೆಗೆ ಸಿಕ್ಕಿ ಒಬ್ಬಾಕೆಯ ಚಾರ್ಟು ಹಾಳಾಯಿತು. ಆಕೆ ಅಳುವುದೊಂದು ಬಾಕಿ. ಬೇರೆ ದಾರಿ ಕಾಣದೆ, ‘ನಿಮ್ಮ ಮನೆಯಲ್ಲಿ ಯಾರು ಹೇಗೆ ನಡೆಯುತ್ತಾರೋ ಹಾಗೆ ಒಂದು ಗೆರೆ ಎಳೆಯಿರಿ’ ಎಂದಳು. ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗನೊಬ್ಬ ಒಂದು ಗಿಡ್ಡ ಗೆರೆ, ಒಂದು ಚುಕ್ಕಿ, ಮತ್ತೆ ಗೆರೆ, ಮತ್ತೆ ಚುಕ್ಕಿ ಹಾಕಿದ. ಏನಿದು ಎಂದರೆ, ‘ಅಜ್ಜ ಕೋಲೂರಿಕೊಂಡು ಹೋಗೋದು, ಮಿಸ್’ ಎಂದ. ರೇಖೆಯ ವ್ಯಾಖ್ಯೆ ಅವನಿಗೆ ಈಗಲೂ ಬಾರದಿರಬಹುದು.

ನಾವು ಪಟ್ಟಿ ಮಾಡಿ ಒಪ್ಪಿಸುವ ಈ ಮೂಲಾಂಶಗಳನ್ನು ತರಗತಿಯಲ್ಲಿ ಕೈಯಿಂದ ಮಾಡಿಸಿಯೇ ಕಲಿಸಿದವರಿದ್ದರು. ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಪಾಲ್ ಕ್ಲೀ ಮಾಡಿದ ಪಾಠಗಳ ಟಿಪ್ಪಣಿ 1925ರಲ್ಲಿ ಪುಸ್ತಕವಾಯಿತು. ಮರುವರ್ಷ ಅಲ್ಲಿಯ ಇನ್ನೊಬ್ಬ ಮೇಷ್ಟರು ಕಾಂಡಿನ್‌ಸ್ಕಿ ಬಿಂದು, ರೇಖೆ, ಸಮತಲಗಳ ಬಗ್ಗೆ ಬರೆದರು. ಚುಕ್ಕಿ ಚಲಿಸಿದರೆ ಏನಾಗುತ್ತದೆ ಎಂಬಲ್ಲಿಂದ ಅವರ ಪಾಠ ಶುರು. ಅಂಗಳದಲ್ಲಿ ಚುಕ್ಕಿ ಇಟ್ಟು ಎಳೆ ಎಳೆಯುವುದನ್ನು ದಿನವೂ ನೋಡುವ ನಮ್ಮ ಮಕ್ಕಳಿಗೆ ಇದೇನು ಹೊಸತೇ?

ಏಳನ್ನೂ ಒಂದೇ ಅವಧಿಯಲ್ಲಿ ಮುಗಿಸಬೇಕೆಂಬ ಹಟವೂ ಬೇಡ. ಸಾಗರ ಕಡೆಯ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಯ ಬಿಳಿ, ಪುಂಡಿ ನಾರಿನ ಕುಂಚ. ನೆರಳು-ಬೆಳಕಿನ ಛಾಯೆಯ ಗೊಡವೆಯೇ ಇಲ್ಲ. ಎಳೆಗಳೇ ಇಡೀ ಗೋಡೆ ತುಂಬುತ್ತವೆ. ಒಂದು ಅವಧಿಗೆ ರೇಖೆಯೊಂದೇ ಸಾಕು. ಮೈವಳಿಕೆಗೆ ಇನ್ನೊಂದು ದಿನ ಮಕ್ಕಳನ್ನು ಹೊರಗೆ ಕರೆದೊಯ್ದು ಮರದ ತೊಗಟೆ ಮುಟ್ಟಿಸೋಣ. ಪಾಠಯೋಜನೆಯಲ್ಲಿ ‘ಘಟಕ ಪೂರ್ಣಗೊಂಡಿಲ್ಲ’ ಎಂಬ ಷರಾ ಬಿದ್ದರೆ ಬೀಳಲಿ.

ಅಂದು ಚಾರ್ಟಿಲ್ಲದ ಆ ಪಾಠಕ್ಕೆ ನಮೂನೆಯಂತೆ ನಾನು ಬೋಧನೋಪಕರಣದ ಅಂಕ ಕಳೆದಿದ್ದೆ. ಮುಂದಿನ ಸಾಲಿನ ನಮೂನೆಯಲ್ಲಿ ಆ ಅಂಕಣ ತೆಗೆದು, ‘ಮಕ್ಕಳ ಹಾಳೆಗಳು ಒಂದಕ್ಕಿಂತ ಒಂದು ಬೇರೆಯಾಗಿದ್ದವೇ?’ ಎಂಬ ಪ್ರಶ್ನೆ ಸೇರಿಸಲು ವಿಭಾಗದ ಸಭೆಯಲ್ಲಿ ಕೇಳಲಿದ್ದೇನೆ.