ಹಿಡಿದ ಕೈಯನ್ನು ಅಳಿಸಬೇಡಿ

ಬಸುರಿಯರ, ಬಾಣಂತಿಯರ, ಹಸುಗೂಸುಗಳ, ಕುಟುಂಬಗಳ ಪಟ ತೆಗೆದು ಹೊಟ್ಟೆ ಹೊರೆಯುವವಳು ನಾನು. ನನ್ನ ಕಸುಬಿನಲ್ಲಿ ಈಗ ನಡೆಯುತ್ತಿರುವ ಒಂದು ಮೋಸದ ಬಗ್ಗೆ ಗಡಿನಾಡಿನ ಕನ್ನಡ ಬಂಧುಗಳೊಡನೆ ಎರಡು ಮಾತು ಆಡಬೇಕಾಗಿದೆ. ಮೋಸ ಎಂದದ್ದಕ್ಕೆ ಕಸುಬಿನ ಗೆಳೆಯರು ಸಿಟ್ಟಾಗಬಹುದು. ಆಗಲಿ. ಮಗುವನ್ನು ಹಿಡಿದಿದ್ದ ಕೈಯನ್ನು ಚಿತ್ರದಿಂದ ಅಳಿಸಿಹಾಕಿ, ಮಗು ತಾನಾಗಿಯೇ ಕುಳಿತಿತ್ತು ಎಂದು ನಂಬಿಸುವುದನ್ನು ಇನ್ನೇನೆಂದು ಕರೆಯಲಿ?

ಆ ಚಿತ್ರವನ್ನು ನೀವೂ ನೋಡಿರುತ್ತೀರಿ. ಹತ್ತು ದಿನದ ಕೂಸು ಕಪ್ಪೆಯಂತೆ ಕಾಲು ಮಡಚಿ, ಎರಡೂ ಅಂಗೈಗಳ ಮೇಲೆ ಗಲ್ಲವೂರಿ ನಿದ್ದೆ ಮಾಡುತ್ತಿದೆ. ಹತ್ತು ದಿನದ ಕೂಸಿಗೆ ಕತ್ತು ನಿಲ್ಲುವುದಿಲ್ಲ ಎಂಬುದು ಒಂದು ಮಗುವನ್ನಾದರೂ ಎತ್ತಿ ಆಡಿಸಿದ ಎಲ್ಲರಿಗೂ ಗೊತ್ತು. ಹಾಗಾದರೆ ಈ ತಲೆ ನಿಂತದ್ದು ಹೇಗೆ? ಎರಡು ಪಟ ತೆಗೆಯುತ್ತಾರೆ. ಒಂದರಲ್ಲಿ ಸಹಾಯಕಿ ಮಗುವಿನ ತಲೆಯನ್ನು ಹಿಡಿದಿರುತ್ತಾಳೆ, ಇನ್ನೊಂದರಲ್ಲಿ ಮುಂಗೈಗಳನ್ನು ಹಿಡಿದಿರುತ್ತಾಳೆ. ಆಮೇಲೆ ಕಂಪ್ಯೂಟರಿನಲ್ಲಿ ಎರಡನ್ನೂ ಬೆಸೆದು, ಹಿಡಿದವಳ ಬೆರಳುಗಳನ್ನು ಒರೆಸಿಬಿಡುತ್ತಾರೆ. ಕಲಿತವರು ಮಾಡುವ ಕ್ರಮ ಇದು. ಕಲಿಯದವನು ಸಿದ್ಧವಾದ ಚಿತ್ರವನ್ನಷ್ಟೇ ಫೋನಿನಲ್ಲಿ ನೋಡಿ, ಯಾರೂ ಹಿಡಿಯದೆಯೇ ಕೂಸನ್ನು ಹಾಗೆ ಕೂರಿಸಲು ಹೊರಟರೆ ಗತಿಯೇನು? ಅಳಿಸಿದ ಕೈಯೇ ಅಪಾಯಕ್ಕೆ ದಾರಿ ಮಾಡಿಕೊಡುತ್ತದೆ. ಕೈ ಕಾಣುತ್ತಿದ್ದರೆ ಹಿಡಿಯಬೇಕೆಂದು ಅವನಿಗೂ ತಿಳಿಯುತ್ತಿತ್ತು.

ಹಸುಗೂಸಿನ ಗಲ್ಲ ಎದೆಗೆ ಒತ್ತಿಕೊಂಡರೆ ಉಸಿರಿನ ದಾರಿ ಮುಚ್ಚಬಹುದು. ಅದರ ಮೈ ದೊಡ್ಡವರ ಮೈಗಿಂತ ಬೇಗ ಶಾಖ ಕಳೆದುಕೊಳ್ಳುತ್ತದೆ. ವಯನಾಡಿನ ಧನುರ್ಮಾಸದ ಚಳಿಯಲ್ಲಿ, ಆಟಿಯ ಮಳೆಯಲ್ಲಿ ಆ ಎಳೆಯ ಮೈಯಿಂದ ಬಟ್ಟೆ ಬಿಚ್ಚಿ, ಬುಟ್ಟಿಯೊಳಗೆ, ಮರದ ಮರಿಗೆಯೊಳಗೆ ಗಂಟೆಗಟ್ಟಲೆ ಮಲಗಿಸುವುದು ಯಾರ ಸಂತೋಷಕ್ಕೆ? ಈ ಪಟಗಳಿಗೆ ಹುಟ್ಟಿದ ಮೊದಲ ಎರಡು ವಾರವೇ ಬೇಕು ಎನ್ನುತ್ತಾರೆ. ಆಗ ಮಗು ಹೆಚ್ಚು ನಿದ್ದೆ ಮಾಡುತ್ತದೆ, ಮೈ ಬಾಗಿಸಿದಂತೆ ಬಾಗುತ್ತದೆ. ತಾಯಿಯ ಹೊಲಿಗೆ ಇನ್ನೂ ಒಣಗದ ಆ ದಿನಗಳಲ್ಲಿ ಅವಳನ್ನು ಜೀಪಿನಲ್ಲಿ ಕುಲುಕಿಸಿಕೊಂಡು ಪೇಟೆಯ ಸ್ಟುಡಿಯೋಗೆ ಒಯ್ಯುವವರಿಗೆ ನನ್ನದು ಒಂದೇ ಪ್ರಶ್ನೆ: ಇವಳು ತಾಯಿಯೋ, ಮಗುವನ್ನು ಹೊತ್ತು ತಂದ ಆಳೋ?

ತಾಯಿಯನ್ನು ಚಿತ್ರದಿಂದ ಮರೆಮಾಡುವುದು ಹೊಸ ವಿದ್ಯೆಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡ್, ಅಮೆರಿಕಗಳ ಸ್ಟುಡಿಯೋಗಳಲ್ಲಿ ಒಂದು ಪಟಕ್ಕೆ ಎಷ್ಟೋ ಸೆಕೆಂಡು ಅಲುಗಾಡದೆ ಕುಳಿತಿರಬೇಕಿತ್ತು. ಮಗು ಕುಳಿತೀತೇ? ಅದಕ್ಕೆ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಅವಳ ತಲೆಯಿಂದ ಕಾಲಿನವರೆಗೆ ಬಟ್ಟೆ ಹೊದಿಸಿ, ಆ ಬಟ್ಟೆಯ ಮೇಲೆ ಮಗುವನ್ನು ಕೂರಿಸುತ್ತಿದ್ದರು. ಇಂದಿಗೂ ಆ ಪಟಗಳಲ್ಲಿ ಬಟ್ಟೆಯೊಳಗೆ ಒಬ್ಬ ಹೆಂಗಸಿನ ಆಕಾರ ಕಾಣುತ್ತದೆ. ಅಂದು ಬಟ್ಟೆ ಮಾಡಿದ ಕೆಲಸವನ್ನು ಇಂದು ಕಂಪ್ಯೂಟರು ಮಾಡುತ್ತಿದೆ.

ನಮ್ಮ ವಯನಾಡಿನವರಿಗೆ ಇನ್ನೊಂದು ಬಗೆಯ ಅಳಿಸುವಿಕೆಯ ಪರಿಚಯವೂ ಇದೆ. ಮದರಾಸಿನ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ಎಂಬ ಆಂಗ್ಲ ಅಧಿಕಾರಿ, ರಂಗಾಚಾರಿಯವರೊಡನೆ ಸೇರಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ ಏಳು ಸಂಪುಟಗಳನ್ನು 1909ರಲ್ಲಿ ಹೊರತಂದರು. ಜನರ ಮೂಗಿನ ಉದ್ದಗಲ ಅಳೆದು, ಪಟ ತೆಗೆದು ಅಚ್ಚು ಹಾಕಿಸಿದರು. ನಮ್ಮ ಪಣಿಯರೂ ಕುರುಬರೂ ಅದರಲ್ಲಿದ್ದಾರೆ. ಆ ಪಟಗಳ ಕೆಳಗೆ ಬಹುಪಾಲು ಜಾತಿಯ ಹೆಸರಿದೆ, ಆ ವ್ಯಕ್ತಿಯ ಹೆಸರಿಲ್ಲ. ಆ ಹೆಂಗಸಿಗೂ ತಾಯಿ ಇಟ್ಟ ಒಂದು ಹೆಸರಿತ್ತಲ್ಲ! ಕೇಳಿ ಬರೆದುಕೊಳ್ಳಲು ಎಷ್ಟು ಹೊತ್ತು ಬೇಕಿತ್ತು?

ಇಂದಿನ ಫ್ಯಾಷನ್ನಿನ ಮೂಲವನ್ನೂ ಹೇಳಿಬಿಡುತ್ತೇನೆ. 1991ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ 'ವ್ಯಾನಿಟಿ ಫೇರ್' ಪತ್ರಿಕೆ ತುಂಬು ಬಸುರಿಯಾಗಿದ್ದ ನಟಿ ಡೆಮಿ ಮೂರ್ ಅವರ ಪಟವನ್ನು ಮುಖಪುಟದಲ್ಲಿ ಹಾಕಿತು. ತೆಗೆದವರು ಆನಿ ಲೀಬೊವಿಟ್ಜ್ ಎಂಬ ಮಹಿಳೆ. ದೊಡ್ಡ ಗದ್ದಲವೇ ಆಯಿತು. ಬಸುರು ಮುಚ್ಚಿಟ್ಟುಕೊಳ್ಳುವ ಕುರೂಪವಲ್ಲ ಎಂದು ಆ ಪಟ ಎದ್ದು ನಿಂತು ಹೇಳಿತ್ತು. ಅದರಲ್ಲಿ ಒಂದು ಜಗಳವಿತ್ತು, ಆ ಜಗಳಕ್ಕೆ ನ್ಯಾಯವಿತ್ತು. 1996ರಲ್ಲಿ ಆಸ್ಟ್ರೇಲಿಯಾ ಮೂಲದ ಆನ್ ಗೆಡ್ಡೆಸ್ ಅವರ ಪುಸ್ತಕ ಬಂದು, ಹೂವಿನೊಳಗೆ, ಕುಂಡದೊಳಗೆ ಮಲಗಿದ ಕೂಸುಗಳು ಜಗತ್ತಿನ ಗೋಡೆಗಳ ಮೇಲೆಲ್ಲ ಕ್ಯಾಲೆಂಡರಾಗಿ ತೂಗಾಡಿದವು. ಇವರಿಬ್ಬರೂ ತಮ್ಮ ಊರಿನಲ್ಲಿ ತಮಗೆ ತೋಚಿದ್ದನ್ನು ಮಾಡಿದರು. ನಾವು ಮಾಡುತ್ತಿರುವುದೇನು? ಬಾಡಿಗೆಯ ಉದ್ದನೆಯ ಗೌನು, ಬಾಡಿಗೆಯ ಬುಟ್ಟಿ, ಯಾವುದೋ ದೇಶದ ಹಿಮದ ಪರದೆ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ನೀಲಿ, ಗುಲಾಬಿ ಬಲೂನು ಒಡೆಯುವ ವಿದೇಶೀ ಆಟದ ಚಿತ್ರಗಳನ್ನು ತೋರಿಸಿ 'ನಮಗೂ ಹೀಗೇ ಬೇಕು' ಎನ್ನುವವರೂ ಇದ್ದಾರೆ. ಹುಟ್ಟುವ ಮೊದಲೇ ಮಗುವಿನ ಲಿಂಗ ಪತ್ತೆಮಾಡುವುದೂ ತಿಳಿಸುವುದೂ 1994ರ ಕಾಯಿದೆಯ ಪ್ರಕಾರ ನಮ್ಮ ದೇಶದಲ್ಲಿ ಅಪರಾಧ. ಆ ಕಾಯಿದೆ ಏಕೆ ಬೇಕಾಯಿತೆಂಬುದನ್ನು ಹೆಣ್ಣುಮಕ್ಕಳಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಮರಕ್ಕಡವಿಗೆ ಬನ್ನಿ. ಹೆಸರಿನಲ್ಲೇ ಕಡವು ಇರುವ ಊರು. ಈ ದಡ ಕೇರಳ, ನಡುವೆ ಕಬಿನಿ, ಆ ದಡ ಕರ್ನಾಟಕ. ಪಕ್ಕದ ಪೆರಿಕ್ಕಲ್ಲೂರಿನಲ್ಲಿ ದೋಣಿ ಹತ್ತಿದರೆ ಬೈರಕುಪ್ಪೆ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದವರಿಗೆ ಹೊಳೆಯೊಂದು ಅನುಕೂಲವಾಗಿ ಕಂಡಿರಬಹುದು; ಹೆಣ್ಣು ಕೊಟ್ಟು ತಂದವರಿಗೆ ಹೊಳೆ ಯಾವತ್ತೂ ಗೆರೆಯಾಗಿರಲಿಲ್ಲ. ಅತ್ತೆಮನೆ ಈ ದಡದಲ್ಲಿ, ತವರು ಹೆಗ್ಗಡದೇವನಕೋಟೆಯ ಕಡೆ ಎಂಬ ಹೆಣ್ಣುಮಕ್ಕಳ ಮನೆಗಳಿಗೆ ನಾನು ಕ್ಯಾಮೆರಾ ಹಿಡಿದು ಹೋಗುತ್ತೇನೆ. ಅಲ್ಲಿ ಹಸಿರು ಬಳೆ ತೊಡಿಸಲು ಆ ದಡದ ದೊಡ್ಡಮ್ಮ ಬಂದಿರುತ್ತಾರೆ. ಮಗುವಿಗೆ ಎಣ್ಣೆ ನೀರು ಹಾಕುವ ಅಜ್ಜಿ ಕಾಲು ನೀಡಿ ಕುಳಿತಿರುತ್ತಾರೆ. ಇಪ್ಪತ್ತೆಂಟನೆಯ ದಿನ ಕೂಸಿನ ಸೊಂಟಕ್ಕೆ ನೂಲು ಕಟ್ಟುವುದನ್ನು ನೋಡಲು ಪಕ್ಕದ ಮನೆಯ ಮಲಯಾಳಿ ಚೇಚ್ಚಿ ಬಂದಿರುತ್ತಾರೆ. ಇವರನ್ನೆಲ್ಲ 'ಸ್ವಲ್ಪ ಆಚೆ ನಿಲ್ಲಿ, ಫ್ರೇಮಿಗೆ ಬರುತ್ತೀರಿ' ಎಂದು ಅಟ್ಟುವುದೇ ಛಾಯಾಗ್ರಹಣವೇ? ಅವರೇ ಫ್ರೇಮು!

ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರ ಹೆಸರು ಕೇಳಿದ್ದೀರಿ. ಕಾಸಿಲ್ಲದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಹದಿನೈದು ಸಾವಿರ ಮಕ್ಕಳ ಪೈಕಿ ಎಷ್ಟು ಮಂದಿಯ ಮನೆಯಲ್ಲಿ, ತಮ್ಮನ್ನು ಮೊದಲು ಹಿಡಿದ ಆ ಕೈಗಳ ಪಟ ಇದ್ದೀತು? ನಮ್ಮೂರುಗಳಲ್ಲೂ ಸೂಲಗಿತ್ತಿಯರಿದ್ದರು, ಮಲಯಾಳದವರು ಅವರನ್ನು ವಯಟ್ಟಾಟ್ಟಿ ಎಂದರು. ಈಗ ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತದೆ, ಅದು ಒಳ್ಳೆಯದೇ. ಆದರೆ ಬಾಣಂತನ ಮಾಡುವ ಕೈಗಳು ಇಂದಿಗೂ ಮನೆಯವೇ.

'ಬಸುರಿಯ ಪಟ ತೆಗೆಯಬಾರದು, ಹಸುಗೂಸಿಗೆ ದೃಷ್ಟಿ ತಾಗುತ್ತದೆ' ಎನ್ನುವ ಹಿರಿಯರಿಗೂ ಒಂದು ಮಾತು. ಕ್ಯಾಮೆರಾದಿಂದ ಆಯುಸ್ಸು ಕಡಿಮೆಯಾಗುವುದಾದರೆ ನಮ್ಮ ಮಂತ್ರಿಗಳು ಯಾರೂ ಬದುಕಿ ಉಳಿಯುತ್ತಿರಲಿಲ್ಲ. ಆದರೂ ಆ ಹೆದರಿಕೆಯ ಒಳಗೆ ಒಂದು ವಿವೇಕವಿದೆ: ಎಳೆಯ ಜೀವವನ್ನು ಕಂಡಕಂಡವರ ಕಣ್ಣಿಗೆ ಹಾಕಬೇಡಿ ಎಂಬುದು. ಆ ಮಾತು ಇಂದು ಹೆಚ್ಚು ನಿಜ. ತೆಗೆದ ಪಟವನ್ನು ಸ್ಟುಡಿಯೋದವನು ಜಾಹೀರಾತಿಗೆ ಹಾಕಿಕೊಳ್ಳುತ್ತಾನೆ, ಮೈದುನ ಊರಿಗೆಲ್ಲ ವಾಟ್ಸಾಪಿನಲ್ಲಿ ಹಂಚುತ್ತಾನೆ. ತಾಯಿಯನ್ನು ಕೇಳಿದವರು ಯಾರು? ಆದ್ದರಿಂದ ಪಟವನ್ನು ನಿಷೇಧಿಸಬೇಡಿ. ಅದು ಯಾರ ಕೈಗೆ ಹೋಗಬೇಕೆಂಬ ಅಧಿಕಾರವನ್ನು ಹೆತ್ತವಳಿಗೆ ಕೊಡಿ. ಕೆನ್ನೆಯ ಮೇಲಿನ ಕಪ್ಪು ಬೊಟ್ಟು ಇರಲಿ. ನಾನು ಅದನ್ನು ಕಂಪ್ಯೂಟರಿನಲ್ಲಿ ಒರೆಸುವುದಿಲ್ಲ.

'ಕಾಸು ಕೊಡುವವರು ಕೇಳಿದ್ದನ್ನು ಕೊಡಬೇಕು, ನಿನಗೇಕೆ ಉಪದೇಶ?' ಎಂಬ ಮಾತನ್ನೂ ಕೇಳಿದ್ದೇನೆ. ದರ್ಜಿಯವನು ಗಿರಾಕಿ ಕೇಳಿದನೆಂದು ಉಸಿರು ಕಟ್ಟುವ ಅಂಗಿ ಹೊಲಿಯುತ್ತಾನೆಯೇ? ಜೊತೆಗೆ, ಜನ ಇದನ್ನೇ ಕೇಳುತ್ತಾರೆಂಬುದೂ ಅರ್ಧ ಸತ್ಯ. ಬೇರೇನನ್ನೂ ತೋರಿಸದಿದ್ದರೆ ತೋರಿಸಿದ್ದನ್ನೇ ಕೇಳುತ್ತಾರೆ. ಕಬಿನಿಯ ಕೆಳದಡದ ಜಿಲ್ಲೆಯವರೇ ಆದ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರನ್ನು ನೆನೆಯಿರಿ. ಮಕ್ಕಳನ್ನು ಅವು ಇದ್ದ ಕಡೆಯೇ, ಇದ್ದ ಹಾಗೆಯೇ ತೆಗೆದವರು. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಆ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅದಕ್ಕೆ ಹಿಮದ ಪರದೆ ಬೇಕಾಗಲಿಲ್ಲ.

ಇನ್ನು ಹೆಸರಿನ ವಿಷಯ. ವಯನಾಡಿನಲ್ಲಿ ಕನ್ನಡ ಆಡುವ ಮನೆಗಳು ಕಾಸರಗೋಡಿನಂತೆ ಒತ್ತಾಗಿಲ್ಲ, ಅಲ್ಲೊಂದು ಇಲ್ಲೊಂದು. ಮಕ್ಕಳು ಶಾಲೆಯಲ್ಲಿ ಮಲಯಾಳ ಕಲಿಯುತ್ತಾರೆ, ಕಲಿಯಲಿ, ಅದು ಅವರ ಅನ್ನದ ಭಾಷೆ, ನೆರೆಹೊರೆಯ ಭಾಷೆ. ಜನನ ಪತ್ರ, ಪಡಿತರ ಚೀಟಿ ಎಲ್ಲವೂ ಬೇರೆ ಲಿಪಿಯಲ್ಲಿ ಇರುವಾಗ, ಕನ್ನಡದಲ್ಲಿ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲದ ಒಂದು ಜಾಗ ನಮ್ಮ ಮನೆಯಲ್ಲೇ ಇದೆ: ಪಟದ ಹಿಂಬದಿ. ಅಲ್ಲಿ ಮಗುವಿನ ಹೆಸರು, ಹಿಡಿದವರ ಹೆಸರು, ಊರು, ದಿನ ಬರೆಯಿರಿ. ಕನ್ನಡದಲ್ಲಿ ಬರೆಯಿರಿ, ಕೆಳಗೆ ಮಲಯಾಳದಲ್ಲೂ ಬರೆಯಿರಿ. ಒಂದೇ ಹೆಸರನ್ನು ಎರಡು ಲಿಪಿಗಳಲ್ಲಿ ಕಂಡ ಮಗು ನಾಳೆ ಎರಡನೆಯದನ್ನೂ ಓದಲು ಹಂಬಲಿಸೀತು. ಭಾಷಣಗಳಿಂದ ಉಳಿಯದ ಭಾಷೆ ಇಂಥ ನಾಲ್ಕು ಸಾಲುಗಳಿಂದ ಉಳಿಯುತ್ತದೆಂದು ನಾನು ಹೇಳುವುದಿಲ್ಲ. ಆದರೆ ಈ ನಾಲ್ಕು ಸಾಲು ಬರೆಯಲಾರದ ಮನೆಯಲ್ಲಿ ಅದು ಉಳಿಯುವುದಿಲ್ಲ ಎಂಬುದಂತೂ ನಿಶ್ಚಯ.

ಹಿಂಬದಿ ಇರಬೇಕಾದರೆ ಪಟ ಕಾಗದದ ಮೇಲಿರಬೇಕು. ನೆರೆಯ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮು, ಕಾಗದ ಈಗಿಲ್ಲ, ಕಾರ್ಖಾನೆಯೇ ಮುಚ್ಚಿತು. ಆದರೆ ಆ ಕಾಲದ ಕಪ್ಪು ಬಿಳುಪಿನ ಪಟಗಳು ನಮ್ಮ ಪೆಟ್ಟಿಗೆಗಳಲ್ಲಿ ಇನ್ನೂ ಗಟ್ಟಿಯಾಗಿವೆ. ಫೋನಿನಲ್ಲಿರುವ ಸಾವಿರ ಚಿತ್ರಗಳು ಫೋನು ನೀರಿಗೆ ಬಿದ್ದ ದಿನ ಎಲ್ಲಿರುತ್ತವೆ? ಕಾಗದವೂ ಅಮರವಲ್ಲ. 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲೆಗಳನ್ನು ಗುಡ್ಡ ಕೊಚ್ಚಿಕೊಂಡು ಹೋದಾಗ, ಕೆಸರಿನಿಂದ ಮದುವೆಯ ಪಟಗಳು, ಮಕ್ಕಳ ಪಟಗಳು ಸಿಕ್ಕವು. ಉಳಿದವರಿಗೆ ಆ ಹರಿದ ಚೂರು ಏನೆಂಬುದನ್ನು ಬಲ್ಲವರೇ ಬಲ್ಲರು. ಆದ್ದರಿಂದ ಎರಡು ಪ್ರತಿ ಮಾಡಿಸಿ: ಒಂದು ಈ ದಡದ ಮನೆಗೆ, ಒಂದು ಆ ದಡದ ತವರಿಗೆ. 2020ರ ಮಾರ್ಚಿನಲ್ಲಿ ಕೊರೋನಾದ ನೆವದಲ್ಲಿ ಕರ್ನಾಟಕ ಗಡಿ ಮುಚ್ಚಿದಾಗ, ಹೊಳೆಯಾಚೆಯ ಅಜ್ಜಿಗೂ ಈಚೆಯ ಮೊಮ್ಮಗುವಿಗೂ ನಡುವೆ ಸರ್ಕಾರ ಬಂದು ನಿಂತಿತ್ತು. ತವರಿನ ಗೋಡೆಯ ಮೇಲಿರುವ ಪಟವನ್ನು ಯಾವ ಚೆಕ್‌ಪೋಸ್ಟೂ ತಡೆಯಲಾರದು.

ಕಸುಬಿನವರಿಗೆ ನನ್ನ ಬೇಡಿಕೆ ಇಷ್ಟು. ಮಗು ಇರುವಲ್ಲಿಗೆ ನೀವು ಹೋಗಿ. ಕಿಟಕಿಯ ಬೆಳಕು ಸಾಕು. ಬಟ್ಟೆ ಬಿಚ್ಚಬೇಡಿ, ಮೈ ಬಗ್ಗಿಸಬೇಡಿ. ಹಾಲು ಕೇಳಿದರೆ ಕ್ಯಾಮೆರಾ ಕೆಳಗಿಡಿ. ಹಿಡಿದವರನ್ನು ಚಿತ್ರದಲ್ಲಿ ಉಳಿಸಿ. ತಾಯಿ ಒಪ್ಪದೆ ಒಂದು ಪಟವನ್ನೂ ಯಾರಿಗೂ ತೋರಿಸಬೇಡಿ. ಇದಕ್ಕೆ ಬಾಡಿಗೆಯ ಸಾಮಾನು ಬೇಡವಾದ್ದರಿಂದ ಖರ್ಚೂ ಕಡಿಮೆ. ಕೂಲಿ ಮಾಡುವ ಮನೆಯವರಿಗೂ ಒಂದು ಪಟ ದಕ್ಕೀತು.

ಮನೆಯವರಿಗೆ ಬೇಡಿಕೆ ಇನ್ನೂ ಚಿಕ್ಕದು. ಈ ಸಂಚಿಕೆ ಓದಿ ಮುಗಿಸಿದ ಮೇಲೆ ಟ್ರಂಕಿನ ಹಳೆಯ ಪಟಗಳನ್ನು ಹೊರತೆಗೆಯಿರಿ. ಮೂಲೆಯಲ್ಲಿ ನಿಂತವರು ಯಾರು, ಮಗುವನ್ನು ಎತ್ತಿಕೊಂಡವರು ಯಾರು ಎಂದು ಹೇಳಬಲ್ಲ ಒಬ್ಬ ಅಜ್ಜಿ ಪ್ರತಿ ಮನೆಯಲ್ಲೂ ಇನ್ನೂ ಇದ್ದಾರೆ. ಕೇಳಿ ಬರೆದುಕೊಳ್ಳಿ. ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ ಬರೆಯಿರಿ; ಬಾಲ್‌ಪೆನ್ನು ಒತ್ತಿದರೆ ಅಕ್ಷರ ಮುಂಬದಿಯ ಮುಖದ ಮೇಲೆ ಮೂಡುತ್ತದೆ. ನುಣುಪು ಕಾಗದಕ್ಕೆ ಪೆನ್ಸಿಲು ಹಿಡಿಯದಿದ್ದರೆ ಬೇರೆ ಚೀಟಿಯಲ್ಲಿ ಬರೆದು ಜೊತೆಗಿಡಿ. ಮುಂದಿನ ಮಳೆಗಾಲದವರೆಗೆ ಕಾಯಬೇಡಿ. ಹೆಸರು ಬಲ್ಲ ಅಜ್ಜಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.