ಗುರಿಯಿಟ್ಟ ಔಷಧ ಗುರಿ ಮುಟ್ಟಿತೇ?

ಸ್ನಾಯು, ಕೊಬ್ಬು, ರಕ್ತನಾಳಗಳಂಥ ಮೃದು ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರ್‌ಗೆ ಓಲಾರಟುಮ್ಯಾಬ್ ಎಂಬ ಹೊಸ ಔಷಧ ಬಂದಿದೆ ಎಂಬ ಸುದ್ದಿ 2016ರ ಅಕ್ಟೋಬರ್‌ನಲ್ಲಿ ಅಮೆರಿಕದಿಂದ ಹೊರಟಿತು. ಈ ರೋಗದ ಮೊದಲ ಸುತ್ತಿನ ಚಿಕಿತ್ಸೆಗೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೊಸ ಮದ್ದೊಂದನ್ನು ಒಪ್ಪಿ ನಲವತ್ತು ವರ್ಷಗಳೇ ಕಳೆದಿದ್ದವು. ಮರುತಿಂಗಳು ಯುರೋಪ್ ಕೂಡ ಷರತ್ತಿನ ಅನುಮತಿ ಕೊಟ್ಟಿತು. 133 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಹಳೆಯ ಕಿಮೋಥೆರಪಿಯ ಜೊತೆಗೆ ಈ ಔಷಧವನ್ನೂ ಪಡೆದವರು ಬರೀ ಕಿಮೋಥೆರಪಿ ಪಡೆದವರಿಗಿಂತ ಸುಮಾರು ಒಂದು ವರ್ಷ ಹೆಚ್ಚು ಬದುಕಿದ್ದರು. ದೇಹದ ಬೇರೆ ಭಾಗಗಳಿಗೂ ಹರಡಿದ ಕ್ಯಾನ್ಸರ್‌ನಲ್ಲಿ ಒಂದು ವರ್ಷ ಎಂದರೆ ಸಣ್ಣ ಮಾತಲ್ಲ.

2019ರ ಜನವರಿಯಲ್ಲಿ ಔಷಧ ತಯಾರಿಸಿದ ಎಲೈ ಲಿಲ್ಲಿ ಕಂಪನಿಯೇ ಇನ್ನೊಂದು ಸುದ್ದಿ ಕೊಟ್ಟಿತು. 509 ರೋಗಿಗಳ ದೊಡ್ಡ ಪರೀಕ್ಷೆಯಲ್ಲಿ ಆ ಔಷಧದಿಂದ ಆಯುಷ್ಯ ಹೆಚ್ಚಿರಲಿಲ್ಲ. ಓಲಾರಟುಮ್ಯಾಬ್ ಮಾರುಕಟ್ಟೆಯಿಂದ ಹಿಂದೆ ಸರಿಯಿತು.

ಈ ಎರಡು ಸುದ್ದಿಗಳ ನಡುವೆ ಏನಾಯಿತು ಎಂಬುದನ್ನು ಪ್ರತಿಯೊಬ್ಬ ರೋಗಿಯೂ ಮನೆಯವರೂ ತಿಳಿದುಕೊಳ್ಳಬೇಕು. ಓಲಾರಟುಮ್ಯಾಬ್‌ನಂಥ ಗುರಿಯಿಟ್ಟ ಔಷಧಗಳ ಚಿಕಿತ್ಸೆಗೆ ಹೇಳುವ ‘ಟಾರ್ಗೆಟೆಡ್ ಥೆರಪಿ’ ಎಂಬ ಮಾತು ಇಂದು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಆಸ್ಪತ್ರೆಗಳಲ್ಲೂ ಕೇಳಿಬರುತ್ತದೆ. ಅದು ಯಾವಾಗ ಭರವಸೆ, ಯಾವಾಗ ಬರೀ ಹೆಸರು ಎಂದು ಹೇಳಬಲ್ಲದ್ದು ನಿಷ್ಠುರವಾದ ಪರೀಕ್ಷೆಯೊಂದೇ.

ಒಂದೇ ಹೆಸರಿನ ಹಲವು ರೋಗಗಳು

ಮೂಳೆ ಮತ್ತು ಮೃದು ಅಂಗಾಂಶಗಳ ಕ್ಯಾನ್ಸರ್‌ಗೆ ಒಟ್ಟಾಗಿ ಸಾರ್ಕೋಮಾ ಎನ್ನುತ್ತಾರೆ. ವಯಸ್ಕರ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಶೇ 1ರಷ್ಟು ಮಾತ್ರ. ಮಕ್ಕಳಲ್ಲಿ ಪಾಲು ಇನ್ನೂ ದೊಡ್ಡದು. ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಮಕ್ಕಳು ಭರಭರನೆ ಎತ್ತರ ಬೆಳೆಯುವ ವಯಸ್ಸಿನಲ್ಲಿ, ಹೆಚ್ಚಾಗಿ ಮೊಣಕಾಲಿನ ಆಸುಪಾಸಿನಲ್ಲಿ ಹುಟ್ಟುತ್ತದೆ. ಆಟದಲ್ಲಿ ಬಿದ್ದ ನೋವಿರಬೇಕೆಂದು ಎಣ್ಣೆ ತಿಕ್ಕಿಸಿ, ನಾಟಿ ಕಟ್ಟು ಹಾಕಿಸಿ ತಿಂಗಳುಗಳನ್ನು ಕಳೆಯುವುದು ನಮ್ಮ ಕಡೆ ಅಪರೂಪವಲ್ಲ. ಈ ರೋಗ ಹರಡಿದಾಗ ಮೊದಲು ಹೋಗುವುದು ಸಾಮಾನ್ಯವಾಗಿ ಶ್ವಾಸಕೋಶಕ್ಕೆ.

ಒಂದೇ ಹೆಸರಿನಡಿ ಎಪ್ಪತ್ತಕ್ಕೂ ಹೆಚ್ಚು ಬಗೆಯ ರೋಗಗಳಿವೆ. ಕೊಬ್ಬಿನಲ್ಲಿ ಹುಟ್ಟುವ ಲೈಪೋಸಾರ್ಕೋಮಾ, ನಯಸ್ನಾಯುವಿನ ಲಿಯೋಮಯೋಸಾರ್ಕೋಮಾ, ಎಳೆಯರನ್ನು ಕಾಡುವ ಯೂಯಿಂಗ್ ಸಾರ್ಕೋಮಾ ಇವೆಲ್ಲ ಹುಟ್ಟು, ನಡೆ, ಮದ್ದಿಗೆ ಬಗ್ಗುವ ರೀತಿ ಎಲ್ಲದರಲ್ಲೂ ಬೇರೆ ಬೇರೆ. ಒಟ್ಟು ರೋಗಿಗಳೇ ಕಡಿಮೆ, ಅವರಲ್ಲೂ ಇಷ್ಟೊಂದು ಬಗೆ. ಹೊಸ ಔಷಧದ ಪರೀಕ್ಷೆಗೆ ಒಂದು ಊರಿನ, ಒಂದು ದೇಶದ ರೋಗಿಗಳು ಸಾಲುವುದಿಲ್ಲ.

ರೋಗ ಒಂದೇ ಕಡೆ ಇರುವಾಗ ಗೆಲುವಿನ ಸಾಧ್ಯತೆ ಚೆನ್ನಾಗಿಯೇ ಇದೆ. ಆಸ್ಟಿಯೋಸಾರ್ಕೋಮಾಗೆ 1970ರ ದಶಕದ ಮೊದಲು ಕಾಲು ಕತ್ತರಿಸಿದರೂ ಐವರಲ್ಲಿ ನಾಲ್ವರು ಉಳಿಯುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಯ ಜೊತೆ ಕಿಮೋಥೆರಪಿ ಸೇರಿದ ಮೇಲೆ, ರೋಗ ಹರಡುವ ಮೊದಲೇ ಬಂದವರಲ್ಲಿ ಮೂವರಿಗೆ ಇಬ್ಬರು ಉಳಿಯುತ್ತಿದ್ದಾರೆ, ಬಹುತೇಕರ ಕಾಲೂ ಉಳಿಯುತ್ತಿದೆ. ಹರಡಿದ ಮೇಲೆ ಮಾತ್ರ ಚಿತ್ರ ಬೇರೆಯೇ. ಡಾಕ್ಸೋರುಬಿಸಿನ್ ಎಂಬ 1970ರ ದಶಕದ ಕೆಂಪು ಬಣ್ಣದ ಔಷಧವೇ ಮೃದು ಅಂಗಾಂಶದ ಸಾರ್ಕೋಮಾಗೆ ಇಂದಿಗೂ ಮುಖ್ಯ ಆಧಾರ. ಅದು ಹೃದಯಕ್ಕೆ ಹಾನಿ ಮಾಡುವುದರಿಂದ ಜೀವಮಾನದಲ್ಲಿ ಇಷ್ಟೇ ಕೊಡಬೇಕೆಂಬ ಮಿತಿಯಿದೆ. ಹಾಗಾಗಿ ಹೊಸ ದಾರಿಯ ಹುಡುಕಾಟ ಇಲ್ಲಿ ತೀರಾ ತುರ್ತಿನದು.

ಗುರಿ ಸರಿಯಿದ್ದಾಗ

ಕಿಮೋಥೆರಪಿ ವೇಗವಾಗಿ ವಿಭಜನೆಯಾಗುವ ಯಾವ ಕೋಶವನ್ನೂ ಬಿಡದು; ಕೂದಲು ಉದುರುವುದು, ಬಾಯಿ ಹುಣ್ಣಾಗುವುದು ಅದಕ್ಕೇ. ಗುರಿಯಿಟ್ಟ ಔಷಧ ಹಾಗಲ್ಲ. ಕ್ಯಾನ್ಸರ್ ಕೋಶ ಬೆಳೆಯಲು ನೆಚ್ಚಿಕೊಂಡ ಒಂದು ನಿರ್ದಿಷ್ಟ ಪ್ರೋಟೀನನ್ನು ಅದು ಹುಡುಕಿ ತಡೆಯುತ್ತದೆ.

ಇದರ ದೊಡ್ಡ ಗೆಲುವುಗಳಲ್ಲೊಂದು ಸಾರ್ಕೋಮಾ ಕುಟುಂಬದಲ್ಲೇ ದಕ್ಕಿತು. ಜಠರ ಮತ್ತು ಕರುಳಿನ ಗೋಡೆಯಲ್ಲಿ ಹುಟ್ಟುವ ಜಿಸ್ಟ್ ಎಂಬ ಗೆಡ್ಡೆ ಯಾವ ಕಿಮೋಥೆರಪಿಗೂ ಬಗ್ಗುತ್ತಿರಲಿಲ್ಲ. 1998ರಲ್ಲಿ ಜಪಾನಿನ ವಿಜ್ಞಾನಿಗಳು ಈ ಗೆಡ್ಡೆಗಳಲ್ಲಿ ಕಿಟ್ ಎಂಬ ಜೀನಿನ ದೋಷವನ್ನು ಗುರುತಿಸಿದರು. ಸ್ಟಾರ್ಟರಿನ ಗುಂಡಿ ಒಳಗೇ ಸಿಕ್ಕಿಕೊಂಡ ಪಂಪ್‌ಸೆಟ್ ಬಾವಿ ಬತ್ತಿದರೂ ಓಡುತ್ತಲೇ ಇರುವಂತೆ, ಕಿಟ್ ಪ್ರೋಟೀನು ‘ಬೆಳೆ’ ಎಂಬ ಸಂದೇಶವನ್ನು ನಿಲ್ಲಿಸದೆ ಕಳುಹಿಸುತ್ತಿತ್ತು. ರಕ್ತದ ಕ್ಯಾನ್ಸರ್‌ಗೆಂದು ಸಿದ್ಧವಾಗಿದ್ದ ಇಮ್ಯಾಟಿನಿಬ್ ಮಾತ್ರೆ ಆ ಸಂದೇಶವನ್ನೇ ತಡೆಯಿತು. 2000ದಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಮೊದಲ ಜಿಸ್ಟ್ ರೋಗಿಗೆ ಅದನ್ನು ಕೊಟ್ಟರು, ಗೆಡ್ಡೆ ಕುಗ್ಗಿತು. 147 ರೋಗಿಗಳ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಗೆಡ್ಡೆಗಳು ಗಮನಾರ್ಹವಾಗಿ ಕುಗ್ಗಿದವು. 2002ರ ಫೆಬ್ರುವರಿಯಲ್ಲಿ ಎಫ್‌ಡಿಎ ಅನುಮತಿ ಸಿಕ್ಕಿತು. ಹರಡಿದ ಜಿಸ್ಟ್ ಇದ್ದೂ ಆ ಪರೀಕ್ಷೆಗೆ ಸೇರಿದವರಲ್ಲಿ ಅರ್ಧದಷ್ಟು ಜನ ಸುಮಾರು ಐದು ವರ್ಷ ಬದುಕಿದರು.

ಈ ಕಥೆಗೆ ನಮ್ಮ ದೇಶದಲ್ಲೂ ಒಂದು ಅಧ್ಯಾಯವಿದೆ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಇಮ್ಯಾಟಿನಿಬ್‌ನ ಹೊಸ ರೂಪಕ್ಕೆ ಪೇಟೆಂಟ್ ಕೊಡಲು ನಿರಾಕರಿಸಿತು. ತಿಂಗಳಿಗೆ ಲಕ್ಷ ರೂಪಾಯಿಗೂ ಮೀರುತ್ತಿದ್ದ ಔಷಧದ ಜೆನೆರಿಕ್ ರೂಪ ಅದರ ಸಣ್ಣದೊಂದು ಪಾಲಿಗೆ ಸಿಗುವುದು ಹಾಗೆಯೇ ಮುಂದುವರಿಯಿತು.

ಇಮ್ಯಾಟಿನಿಬ್ ಕಲಿಸಿದ ಪಾಠ ಸ್ಪಷ್ಟ: ಗುರಿಯಾದ ಪ್ರೋಟೀನು ಗೆಡ್ಡೆಯಲ್ಲಿ ಇದ್ದರಷ್ಟೇ ಸಾಲದು, ರೋಗವನ್ನು ನಡೆಸುತ್ತಿರುವುದೂ ಅದೇ ಆಗಿರಬೇಕು.

ಒಂದೇ ದಿನ, ಎರಡು ತೀರ್ಪು

ಬಹುತೇಕ ಸಾರ್ಕೋಮಾಗಳಲ್ಲಿ ಅಂಥ ಒಂಟಿ ಗುರಿ ಸಿಗುವುದಿಲ್ಲ. ಆಗ ಔಷಧದ ಫಲ ಮಸುಕಾಗುತ್ತದೆ. ಅದನ್ನು ಅಳೆದು ತೂಗಬೇಕಾಗುತ್ತದೆ. 2012ರ ಮಾರ್ಚ್ 20ರಂದು ಎಫ್‌ಡಿಎಯ ಸಲಹಾ ಸಮಿತಿಯ ಮುಂದೆ ಸಾರ್ಕೋಮಾದ ಎರಡು ಮಾತ್ರೆಗಳು ಬಂದವು.

ಮೊದಲನೆಯದು ಪಜೋಪನಿಬ್. ಗೆಡ್ಡೆಗೆ ರಕ್ತ ಒಯ್ಯುವ ಹೊಸ ನಾಳಗಳು ಬೆಳೆಯದಂತೆ ತಡೆಯುವುದು ಅದರ ಮುಖ್ಯ ಕೆಲಸ. ಕಿಮೋಥೆರಪಿಯ ನಂತರವೂ ರೋಗ ಬೆಳೆದಿದ್ದ 369 ಮಂದಿಯಲ್ಲಿ ಮೂವರಿಗೆ ಇಬ್ಬರಂತೆ ಔಷಧ, ಉಳಿದವರಿಗೆ ಪ್ಲಸೀಬೊ, ಅಂದರೆ ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ರೋಗ ಬೆಳೆಯದೆ ನಿಂತ ಅವಧಿಯ ಮಧ್ಯಾಂಕ ಪ್ಲಸೀಬೊ ಗುಂಪಿನಲ್ಲಿ 1.6 ತಿಂಗಳಾದರೆ ಔಷಧದ ಗುಂಪಿನಲ್ಲಿ 4.6 ತಿಂಗಳು. ಮಧ್ಯಾಂಕವೆಂದರೆ ಅರ್ಧದಷ್ಟು ಜನರಿಗೆ ಇದಕ್ಕಿಂತ ಹೆಚ್ಚು, ಅರ್ಧದಷ್ಟು ಜನರಿಗೆ ಇದಕ್ಕಿಂತ ಕಡಿಮೆ ಸಿಕ್ಕಿತು ಎಂದು ಅರ್ಥ. ಒಟ್ಟು ಬದುಕಿದ ಅವಧಿಯಲ್ಲಿ, 12.5 ಮತ್ತು 10.7 ತಿಂಗಳ ನಡುವಿನ ವ್ಯತ್ಯಾಸ ಆಕಸ್ಮಿಕವಲ್ಲ ಎಂದು ಹೇಳುವಷ್ಟು ದೊಡ್ಡದಿರಲಿಲ್ಲ.

ಎರಡನೆಯದು ರಿಡಾಫೊರೋಲಿಮಸ್. ಕೋಶದ ಬೆಳವಣಿಗೆಯನ್ನು ನಿಯಂತ್ರಿಸುವ ಎಂಟಾರ್ ಎಂಬ ಪ್ರೋಟೀನು ಇದರ ಗುರಿ. ಮೂಳೆಯ ಅಥವಾ ಮೃದು ಅಂಗಾಂಶದ ಕ್ಯಾನ್ಸರ್ ಹರಡಿದ್ದ, ಕಿಮೋಥೆರಪಿಯಿಂದ ರೋಗ ಹತೋಟಿಗೆ ಬಂದಿದ್ದ 711 ಮಂದಿ ಇದರ ಪರೀಕ್ಷೆಯಲ್ಲಿದ್ದರು. ಹತೋಟಿಯ ಅವಧಿ 14.6 ವಾರಗಳಿಂದ 17.7 ವಾರಗಳಿಗೆ ಏರಿತು. ಸಂಖ್ಯಾಶಾಸ್ತ್ರದ ಪ್ರಕಾರ ಔಷಧ ನಿಸ್ಸಂಶಯವಾಗಿ ಕೆಲಸ ಮಾಡಿತ್ತು. ಆದರೆ ಲಾಭ ಮೂರೇ ವಾರ. ಆ ಮೂರು ವಾರಕ್ಕಾಗಿ, ಕಿಮೋಥೆರಪಿ ಮುಗಿಸಿ ತುಸು ನೆಮ್ಮದಿಯಿಂದಿದ್ದವರು ಬಾಯಿಹುಣ್ಣು, ಸೋಂಕು, ಸುಸ್ತು, ಕೆಲವೊಮ್ಮೆ ಶ್ವಾಸಕೋಶದ ಉರಿಯೂತವನ್ನೂ ಅನುಭವಿಸಬೇಕಿತ್ತು.

ಸಮಿತಿ ಪಜೋಪನಿಬ್ ಪರವಾಗಿ 11–2ರಿಂದ, ರಿಡಾಫೊರೋಲಿಮಸ್ ವಿರುದ್ಧವಾಗಿ 13–1ರಿಂದ ಮತ ಹಾಕಿತು. ಮೊದಲನೆಯದಕ್ಕೆ ಮರುತಿಂಗಳು ಅನುಮತಿ ಸಿಕ್ಕಿತು, ಎರಡನೆಯದಕ್ಕೆ ಸಿಗಲಿಲ್ಲ. ‘ಔಷಧ ಕೆಲಸ ಮಾಡುತ್ತದೆ’ ಎಂಬುದೂ ‘ರೋಗಿಗೆ ಒಳಿತಾಗುತ್ತದೆ’ ಎಂಬುದೂ ಒಂದೇ ಅಲ್ಲ ಎಂದು ತೋರಿಸಲು ಇದಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ.

ಸಣ್ಣ ಪರೀಕ್ಷೆಯ ಭ್ರಮೆ

ಈಗ ಓಲಾರಟುಮ್ಯಾಬ್‌ಗೆ ಮರಳೋಣ. ಹೊಸ ಔಷಧ ಮನುಷ್ಯರ ಮೇಲೆ ಮೂರು ಹಂತಗಳಲ್ಲಿ ಪರೀಕ್ಷೆಗೊಳ್ಳುತ್ತದೆ. ಸುರಕ್ಷಿತ ಪ್ರಮಾಣ ಎಷ್ಟು ಎಂಬುದು ಮೊದಲ ಹಂತ. ಫಲದ ಸುಳಿವು ಇದೆಯೇ ಎಂಬುದು ಎರಡನೆಯದು. ಈಗಿರುವ ಚಿಕಿತ್ಸೆಗಿಂತ ಉತ್ತಮವೇ ಎಂದು ನೂರಾರು ರೋಗಿಗಳಲ್ಲಿ ಹೋಲಿಸಿ ನೋಡುವುದು ಮೂರನೆಯದು. ಓಲಾರಟುಮ್ಯಾಬ್‌ಗೆ ಅನುಮತಿ ಸಿಕ್ಕಿದ್ದು ಎರಡನೇ ಹಂತದ ಫಲಿತಾಂಶದ ಮೇಲೆ.

ಆ ಹಂತದಲ್ಲಿ ಔಷಧ ಪಡೆದ ಗುಂಪಿನ ಆಯುಷ್ಯದ ಮಧ್ಯಾಂಕ 26.5 ತಿಂಗಳು, ಪಡೆಯದ ಗುಂಪಿನದು 14.7 ತಿಂಗಳು. ರೋಗ ಬೆಳೆಯದೆ ನಿಂತ ಅವಧಿಯ ಅಂತರ ಮಾತ್ರ ಎರಡೂವರೆ ತಿಂಗಳಷ್ಟೇ. ರೋಗವನ್ನು ಅಷ್ಟು ಕಡಿಮೆ ತಡೆದ ಔಷಧ ಆಯುಷ್ಯವನ್ನು ಇಷ್ಟೊಂದು ಹೆಚ್ಚಿಸಿದ್ದು ಹೇಗೆ? ಯಾರು ಯಾವ ಗುಂಪಿನವರು ಎಂಬುದು ಆ ಪರೀಕ್ಷೆಯಲ್ಲಿ ಗುಟ್ಟಾಗಿರಲಿಲ್ಲ. ರೋಗಿಗಳು ಕಡಿಮೆ, ಅವರ ಸಾರ್ಕೋಮಾದ ಬಗೆಗಳು ಹಲವು. ಮಂದಗತಿಯ ರೋಗವಿದ್ದ ಕೆಲವರು ಒಂದು ಗುಂಪಿನಲ್ಲಿ ಹೆಚ್ಚಾಗಿ ಸೇರಿಬಿಟ್ಟರೂ ತಕ್ಕಡಿ ವಾಲುತ್ತದೆ.

‘ಅನೌನ್ಸ್’ ಎಂಬ ಮೂರನೇ ಹಂತದ ಪರೀಕ್ಷೆ 25 ದೇಶಗಳಲ್ಲಿ ನಡೆಯಿತು. ಇಲ್ಲಿ ಎಲ್ಲರಿಗೂ ಡಾಕ್ಸೋರುಬಿಸಿನ್ ಸಿಕ್ಕಿತು. ಅದರ ಜೊತೆಗೆ ಒಂದು ಗುಂಪಿಗೆ ಓಲಾರಟುಮ್ಯಾಬ್, ಇನ್ನೊಂದಕ್ಕೆ ಪ್ಲಸೀಬೊ. ಯಾರಿಗೆ ಯಾವುದು ಎಂಬುದು ಗುಟ್ಟು. ಕೊನೆಗೆ ಔಷಧದ ಗುಂಪಿನ ಮಧ್ಯಾಂಕ 20.4 ತಿಂಗಳು, ಪ್ಲಸೀಬೊ ಗುಂಪಿನದು 19.7. ಔಷಧವಿಲ್ಲದವರೂ ಹಿಂದಿನ ಪರೀಕ್ಷೆಯ 14.7 ತಿಂಗಳಿಗಿಂತ ಎಷ್ಟೋ ಹೆಚ್ಚು ಬದುಕಿದ್ದರು. ಮೊದಲು ಕಂಡ ದೊಡ್ಡ ಅಂತರ ದೊಡ್ಡ ಪರೀಕ್ಷೆಯಲ್ಲಿ ಉಳಿಯಲಿಲ್ಲ.

ಈ ಪರೀಕ್ಷೆ ಔಷಧಕ್ಕೆ ಅನುಮತಿ ಸಿಗುವ ಮೊದಲೇ, 2015ರಲ್ಲಿ ಆರಂಭವಾಗಿದ್ದು ಪುಣ್ಯ. ಅನುಮತಿ ಸಿಕ್ಕ ಮೇಲೆ ಆರಂಭವಾಗಿದ್ದರೆ, ಪ್ಲಸೀಬೊ ಸಿಗಬಹುದಾದ ಗುಂಪಿಗೆ ಸೇರಲು ಯಾರು ಒಪ್ಪುತ್ತಿದ್ದರು? ಉಪಯೋಗವಿಲ್ಲದ ದುಬಾರಿ ಔಷಧಕ್ಕೆ ಜಗತ್ತಿನ ಎಷ್ಟೋ ಕುಟುಂಬಗಳು ಇಂದಿಗೂ ಹೊಲ ಮನೆ ಮಾರುತ್ತಿದ್ದವು. ಆ 509 ಮಂದಿ ನಮ್ಮೆಲ್ಲರಿಗೂ ಮಾಡಿದ ಉಪಕಾರ ದೊಡ್ಡದು.

ಸಣ್ಣ ಪರೀಕ್ಷೆಗಳೆಲ್ಲ ದಾರಿ ತಪ್ಪಿಸುತ್ತವೆ ಎಂದಲ್ಲ. ಕಟ್ಟುನಿಟ್ಟಾಗಿ ನಡೆದರೆ ಅವೂ ಮಾತನಾಡುತ್ತವೆ. ಹರಡಿದ ಆಸ್ಟಿಯೋಸಾರ್ಕೋಮಾಗೆ ರೆಗೊರಾಫೆನಿಬ್ ಮಾತ್ರೆಯನ್ನು ಫ್ರಾನ್ಸಿನಲ್ಲಿ ಪರೀಕ್ಷಿಸಿದಾಗ ಫಲಿತಾಂಶದ ಲೆಕ್ಕಕ್ಕೆ ಸಿಕ್ಕವರು 38 ಮಂದಿ. ಎಂಟು ವಾರ ಕಳೆದಾಗ ಔಷಧ ಪಡೆದ 26 ಮಂದಿಯಲ್ಲಿ 17 ಮಂದಿಯ ರೋಗ ಬೆಳೆದಿರಲಿಲ್ಲ; ಪ್ಲಸೀಬೊ ಪಡೆದ 12 ಮಂದಿಯಲ್ಲಿ ಅಂಥವರು ಒಬ್ಬರೂ ಇರಲಿಲ್ಲ. ರೋಗ ಬೆಳೆದ ಕೂಡಲೇ ಪ್ಲಸೀಬೊ ಗುಂಪಿನವರಿಗೂ ಔಷಧ ಪಡೆಯುವ ಅವಕಾಶವಿತ್ತು. ಪರೀಕ್ಷೆಯನ್ನು ಮಾನವೀಯವಾಗಿ ರೂಪಿಸುವ ದಾರಿಗಳಲ್ಲಿ ಇದೂ ಒಂದು. ಇನ್ನೊಂದು ತುದಿಯಲ್ಲಿ ಲಾರೊಟ್ರೆಕ್ಟಿನಿಬ್ ಇದೆ. ಎನ್‌ಟಿಆರ್‌ಕೆ ಎಂಬ ಜೀನುಗಳ ಬೆಸುಗೆ ದೋಷವಿರುವ ಗೆಡ್ಡೆಗಳಿಗೆ, ಅವು ಯಾವ ಅಂಗದಲ್ಲೇ ಇರಲಿ, ಈ ಔಷಧ. ನಾಲ್ಕು ತಿಂಗಳ ಕೂಸಿನಿಂದ 76 ವರ್ಷದವರವರೆಗೆ 55 ಮಂದಿಯಲ್ಲಿ ಪರೀಕ್ಷಿಸಿದಾಗ ಶೇ 75ರಷ್ಟು ಮಂದಿಯ ಗೆಡ್ಡೆ ಕುಗ್ಗಿತು. ಅವರಲ್ಲಿ ಸಾರ್ಕೋಮಾ ಇದ್ದ ಶಿಶುಗಳೂ ಇದ್ದರು. ಗುರಿ ಸರಿಯಿದ್ದರೆ ಫಲ ಹೇಗಿರುತ್ತದೆ ಎಂಬುದಕ್ಕೆ ಇದು ಇನ್ನೊಂದು ಸಾಕ್ಷಿ.

ನಾವು ಕೇಳಬೇಕಾದದ್ದು

ಹಾಗಾದರೆ ಮನೆಯಲ್ಲೊಬ್ಬರಿಗೆ ಈ ರೋಗ ಬಂದಾಗ ಏನು ಮಾಡಬೇಕು? ಬೆಳೆಯುತ್ತಿರುವ ಗಂಟನ್ನು, ರಾತ್ರಿ ನಿದ್ದೆ ಕೆಡಿಸುವ ಮೂಳೆ ನೋವನ್ನು ತಿಕ್ಕಿಸಬೇಡಿ. ಬಯಾಪ್ಸಿಗೆ, ಅಂದರೆ ಗಂಟಿನ ಚೂರು ತೆಗೆದು ನೋಡುವ ಪರೀಕ್ಷೆಗೆ, ಮೊದಲೇ ಗಂಟನ್ನು ಕೊಯ್ಯಿಸಲೂಬೇಡಿ. ಬಯಾಪ್ಸಿಯನ್ನು ಸಾರ್ಕೋಮಾ ಬಲ್ಲ ತಜ್ಞರಿಂದಲೇ ಮಾಡಿಸಿ. ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಸ್ಮಾರಕದಂಥ ಆಸ್ಪತ್ರೆಗಳಿರುವುದು ಇದಕ್ಕಾಗಿಯೇ. ರೋಗದ ಬಗೆ ತಪ್ಪಾದರೆ ಔಷಧದ ಗುರಿಯೂ ತಪ್ಪುತ್ತದೆ.

ಗುರಿಯಿಟ್ಟ ಔಷಧದ ಮಾತು ಬಂದಾಗ ಸಂಕೋಚವಿಲ್ಲದೆ ಕೇಳಿ: ಈ ಔಷಧದ ಗುರಿ ನಮ್ಮ ಗೆಡ್ಡೆಯಲ್ಲಿದೆಯೇ, ಅದನ್ನು ಪರೀಕ್ಷಿಸಿದ್ದೀರಾ? ಇದು ಆಯುಷ್ಯ ಹೆಚ್ಚಿಸಿದೆಯೇ, ರೋಗದ ಬೆಳವಣಿಗೆಯನ್ನಷ್ಟೇ ತಡೆದಿದೆಯೇ? ಎಷ್ಟು ಕಾಲ? ಅಡ್ಡಪರಿಣಾಮಗಳೇನು, ತಿಂಗಳ ಖರ್ಚೆಷ್ಟು? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ.

ಕ್ಲಿನಿಕಲ್ ಟ್ರಯಲ್‌ಗೆ ಸೇರುತ್ತೀರಾ ಎಂದು ಕೇಳಿದರೆ ‘ನಮ್ಮನ್ನು ಪ್ರಯೋಗದ ಪ್ರಾಣಿ ಮಾಡುತ್ತಾರೆ’ ಎಂದು ಓಡಬೇಕಿಲ್ಲ, ಕಣ್ಣು ಮುಚ್ಚಿ ಸಹಿ ಹಾಕಲೂಬೇಕಿಲ್ಲ. ಭಾರತದಲ್ಲಿ 2009ರ ಜೂನ್‌ನಿಂದ ಇಂಥ ಪರೀಕ್ಷೆಗಳನ್ನು ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಿಸುವುದು ಕಡ್ಡಾಯ. ಅದನ್ನು ಯಾರು ಬೇಕಾದರೂ ನೋಡಬಹುದು. 2019ರ ಹೊಸ ನಿಯಮಗಳ ಪ್ರಕಾರ ನೈತಿಕ ಸಮಿತಿಯ ಒಪ್ಪಿಗೆ ಬೇಕು, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಣೆ ಬೇಕು, ಪರೀಕ್ಷೆಯಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಯಾವ ಹಂತದಲ್ಲಾದರೂ ಹೊರಬರುವ ಹಕ್ಕು ರೋಗಿಯದು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಕೊಡಿ, ಮನೆಗೆ ಒಯ್ದು ಓದಿ ನಿರ್ಧರಿಸುತ್ತೇವೆ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಸರ್ಕಾರದ ಹೊಣೆಯೂ ಇದೆ. ವಿರಳ ರೋಗದ ಔಷಧ ಪರೀಕ್ಷೆಗೆ ದೇಶ ದೇಶಗಳ ರೋಗಿಗಳು ಕೂಡಬೇಕು. ನಮ್ಮ ದೇಶದಲ್ಲಿ ರೋಗಿಗಳು ಸಾಕಷ್ಟಿದ್ದಾರೆ. ಸಾರ್ವಜನಿಕ ಆಸ್ಪತ್ರೆಗಳಲ್ಲಿ ಜೀನ್ ಪರೀಕ್ಷೆ ಕೈಗೆಟಕುವಂತಾಗಬೇಕು, ಜಿಲ್ಲಾ ಆಸ್ಪತ್ರೆಯ ವೈದ್ಯರು ಸಾರ್ಕೋಮಾ ಅನುಮಾನವಿದ್ದವರನ್ನು ತಡಮಾಡದೆ ತಜ್ಞ ಕೇಂದ್ರಕ್ಕೆ ಕಳುಹಿಸುವಂತಾಗಬೇಕು. ಕಂಪನಿಗಳಿಗೆ ಲಾಭ ಕಾಣದ ಪ್ರಶ್ನೆಗಳನ್ನೂ ಪರೀಕ್ಷಿಸಲು ಸರ್ಕಾರವೇ ಹಣ ಕೊಡಬೇಕು. ರೋಗಿಗಳ ಭರವಸೆ ದೊಡ್ಡದು. ಔಷಧವೊಂದು ಆ ಭರವಸೆಗೆ ತಕ್ಕುದೇ ಎಂದು ಪರೀಕ್ಷಿಸಿದ ನಂತರವೇ ಅದನ್ನು ಅವರ ಕೈಗಿಡುವುದು ನಾವು ಅವರಿಗೆ ಸಲ್ಲಿಸಬೇಕಾದ ಕನಿಷ್ಠ ಗೌರವ.